ಚರ್ಚ್ ಶಾಲೆಗೆ ಎರಡು ಇನ್ಸ್‌ಪೆಕ್ಷನ್: ಇಂಗ್ಲೆಂಡಿನ ಪ್ರೈಮರಿ ಶಾಲೆಯ ವರದಿ ಓದುವುದು ಹೇಗೆ?

ಇಂಗ್ಲೆಂಡಿನಲ್ಲಿರುವ ಕನ್ನಡದ ಮನೆಗಳಲ್ಲಿ ಮುಂದಿನ ಸೆಪ್ಟೆಂಬರಿಗೆ ರಿಸೆಪ್ಷನ್ ಕ್ಲಾಸು (ಅಲ್ಲಿನ ಪ್ರೈಮರಿಯ ಮೊದಲ ತರಗತಿ) ಸೇರಬೇಕಾದ ಮಗು ಇದ್ದರೆ, ಕ್ಯಾಲೆಂಡರಿನಲ್ಲಿ ಎರಡು ತಾರೀಖುಗಳಿಗೆ ಗುರುತು ಬಿದ್ದಿರುತ್ತದೆ. ಜನವರಿ 15, ಅರ್ಜಿ ಹಾಕಲು ಕೊನೆಯ ದಿನ. ಏಪ್ರಿಲ್ 16, ಯಾವ ಶಾಲೆ ಸಿಕ್ಕಿತು ಎಂದು ತಿಳಿಯುವ ದಿನ. ಅರ್ಜಿ ಹಾಕುವ ಮೊದಲು ಎಲ್ಲರೂ ಮಾಡುವ ಕೆಲಸ ಒಂದೇ: ಹತ್ತಿರದ ಶಾಲೆಗಳ ಇನ್ಸ್‌ಪೆಕ್ಷನ್ ಫಲಿತಾಂಶ ಹುಡುಕುವುದು.

ಆ ಹತ್ತಿರದ ಶಾಲೆಯ ಹೆಸರಿನಲ್ಲಿ ಸೇಂಟ್ ಮೇರೀಸ್, ಹೋಲಿ ಟ್ರಿನಿಟಿ ಅಂತೇನೋ ಇದ್ದು, ಮುಂದೆ ‘ಸಿ ಆಫ್ ಇ ಪ್ರೈಮರಿ’ (ಅಂದರೆ ಚರ್ಚ್ ಆಫ್ ಇಂಗ್ಲೆಂಡಿನ ಪ್ರೈಮರಿ) ಎಂದಿದ್ದರೆ ಗೊಂದಲ ಶುರು. ಒಂದಲ್ಲ, ಎರಡು ವರದಿ ಸಿಗುತ್ತವೆ. ಒಂದರಲ್ಲಿ ಗ್ರೇಡ್ ಇದೆ, ಇನ್ನೊಂದರಲ್ಲಿ ಇಲ್ಲ. ಪಕ್ಕದ ಶಾಲೆಗೆ ‘ಔಟ್‌ಸ್ಟ್ಯಾಂಡಿಂಗ್’ ಎಂದಿದೆ, ಈ ಶಾಲೆಗೆ ‘ಎಕ್ಸ್‌ಪೆಕ್ಟೆಡ್ ಸ್ಟ್ಯಾಂಡರ್ಡ್’ ಎಂದಿದೆ. ಯಾವುದು ಮೇಲು? 2025ರ ನವೆಂಬರಿನಿಂದ ಇನ್ಸ್‌ಪೆಕ್ಷನ್ ಪದ್ಧತಿಯೇ ಬದಲಾಗಿದೆ. ಹಾಗಾಗಿ ಹಳಬರ ಸಲಹೆಯೂ ಈಗ ಪೂರ್ತಿ ಕೆಲಸಕ್ಕೆ ಬರುವುದಿಲ್ಲ.

ಬುಡದಿಂದ ನೋಡೋಣ.

ಚರ್ಚ್ ಶಾಲೆ, ಆದರೆ ದುಡ್ಡು ಸರ್ಕಾರದ್ದು

ನಮ್ಮಲ್ಲಿ ಕ್ರಿಶ್ಚಿಯನ್ ಶಾಲೆ ಅಂದ ಕೂಡಲೇ ಕಾನ್ವೆಂಟು, ಫೀಸು, ಡೊನೇಷನ್ನು ನೆನಪಾಗುತ್ತವೆ. ಇಂಗ್ಲೆಂಡಿನಲ್ಲಿ ಹಾಗಲ್ಲ. ಅಲ್ಲಿನ ಪ್ರೈಮರಿ ಶಾಲೆಗಳಲ್ಲಿ ಹೆಚ್ಚುಕಮ್ಮಿ ಕಾಲು ಭಾಗ ಚರ್ಚ್ ಆಫ್ ಇಂಗ್ಲೆಂಡಿಗೆ ಸೇರಿದವು. ನಡೆಯುವುದು ಸರ್ಕಾರದ ದುಡ್ಡಿನಲ್ಲಿ. ಫೀಸಿಲ್ಲ. ಎಷ್ಟೋ ಹಳ್ಳಿಗಳಲ್ಲಿ ಇರುವ ಒಂದೇ ಶಾಲೆ ಅದೇ. (ಫೀಸು ಕಟ್ಟಿ ಓದಿಸುವ ಖಾಸಗಿ ಕ್ರಿಶ್ಚಿಯನ್ ಶಾಲೆಗಳೂ ಇವೆ. ಅವುಗಳ ದಾರಿ ಬೇರೆ, ಇಲ್ಲಿ ಅವುಗಳ ಮಾತು ಬೇಡ.)

ಇದಕ್ಕೆ ಕಾರಣ ಇತಿಹಾಸದಲ್ಲಿದೆ. ಸರ್ಕಾರ ಶಾಲೆ ಕಟ್ಟುವ ಮೊದಲೇ ಚರ್ಚು ಕಟ್ಟಿತ್ತು. ಬಡವರ ಮಕ್ಕಳಿಗೆ ಓದು ಕಲಿಸಲು ಚರ್ಚಿನ ‘ನ್ಯಾಷನಲ್ ಸೊಸೈಟಿ’ ಹುಟ್ಟಿದ್ದು 1811ರಲ್ಲಿ. ಸರ್ಕಾರ ತಾನೇ ಶಾಲೆ ತೆರೆಯಲು ಕಾಯ್ದೆ ಮಾಡಿದ್ದು 1870ರಲ್ಲಿ. ನಡುವಿನ ಅರವತ್ತು ವರ್ಷ ಓದು ಬರಹದ ಬಹುಪಾಲು ಹೊರೆ ಚರ್ಚುಗಳ ಹೆಗಲ ಮೇಲಿತ್ತು. 1944ರ ಶಿಕ್ಷಣ ಕಾಯ್ದೆ ಈ ಶಾಲೆಗಳನ್ನು ಸರ್ಕಾರಿ ವ್ಯವಸ್ಥೆಯ ಒಳಗೆ ತಂದು ಎರಡು ದಾರಿ ಕೊಟ್ಟಿತು. ಇವತ್ತಿಗೂ ಶಾಲೆಯ ವಿವರದಲ್ಲಿ ‘ವಿಎ’, ‘ವಿಸಿ’ ಅಂತ ಕಾಣುವುದು ಅದೇ.

ವಿಎ ಅಂದರೆ ವಾಲಂಟರಿ ಏಡೆಡ್. ಇಲ್ಲಿ ಆಡಳಿತ ಮಂಡಳಿಯಲ್ಲಿ ಚರ್ಚ್ ನೇಮಿಸಿದವರೇ ಜಾಸ್ತಿ. ಮಕ್ಕಳನ್ನು ಸೇರಿಸಿಕೊಳ್ಳುವ ನಿಯಮ ಶಾಲೆಯದ್ದೇ. ಧರ್ಮದ ಪಾಠ ಚರ್ಚಿನ ಪದ್ಧತಿಯಂತೆ. ಕಟ್ಟಡದ ಖರ್ಚಿನಲ್ಲಿ ಸಾಮಾನ್ಯವಾಗಿ ಹತ್ತನೇ ಒಂದು ಭಾಗವನ್ನು ಶಾಲೆಯ ಕಡೆಯವರು ಹೊಂದಿಸಬೇಕು. ವಿಸಿ ಅಂದರೆ ವಾಲಂಟರಿ ಕಂಟ್ರೋಲ್ಡ್. ಇಲ್ಲಿ ಚರ್ಚಿನ ಹಿಡಿತ ಸಡಿಲ. ಸಿಬ್ಬಂದಿ ನೇಮಕ, ಪ್ರವೇಶ ಎರಡೂ ಕೌನ್ಸಿಲ್, ಅಂದರೆ ಸ್ಥಳೀಯ ಆಡಳಿತದ ಕೈಯಲ್ಲಿ. ಧರ್ಮದ ಪಾಠವೂ ಆ ಪ್ರದೇಶದ ಎಲ್ಲ ಶಾಲೆಗಳಿಗೆ ಒಪ್ಪಿತವಾದ ಪಠ್ಯದಂತೆ. 2010ರ ನಂತರ ಅನೇಕ ಚರ್ಚ್ ಶಾಲೆಗಳು ಕೌನ್ಸಿಲ್ ಬಿಟ್ಟು, ಸರ್ಕಾರದ ದುಡ್ಡಿನಲ್ಲೇ ಶಾಲೆ ನಡೆಸುವ ಅಕಾಡೆಮಿ ಟ್ರಸ್ಟುಗಳಿಗೆ ಸೇರಿವೆ. ಅವುಗಳ ಚರ್ಚ್ ಗುರುತು ಮಾತ್ರ ಹಾಗೇ ಉಳಿದಿದೆ.

ಇನ್ಸ್‌ಪೆಕ್ಟರ್ ಯಾಕೆ ಇಬ್ಬರು?

ಒಂದು ಮಠದ ದಾಸೋಹದ ಅಡುಗೆಮನೆ ನೆನೆಸಿಕೊಳ್ಳಿ. ಆಹಾರ ಇಲಾಖೆಯವರು ಬಂದರೆ ನೀರು, ಅಕ್ಕಿ, ಪಾತ್ರೆ, ಶುಚಿತ್ವ ನೋಡುತ್ತಾರೆ. ಬಂದವರನ್ನೆಲ್ಲ ಒಂದೇ ಪಂಕ್ತಿಯಲ್ಲಿ ಕೂರಿಸುತ್ತಾರಾ, ಹಸಿದು ಬಂದವರು ಯಾರಾದರೂ ವಾಪಸ್ ಹೋದರಾ ಎಂಬುದು ಅವರ ಪಟ್ಟಿಯಲ್ಲಿರುವುದಿಲ್ಲ. ಅದನ್ನು ಮಠದ ಹಿರಿಯರೇ ನೋಡಬೇಕು. ಎರಡೂ ಬೇಕು, ಒಂದರ ಬದಲು ಇನ್ನೊಂದು ಆಗದು. ಚರ್ಚ್ ಶಾಲೆಯಲ್ಲೂ ಹೀಗೆಯೇ.

ಸರ್ಕಾರದ ಕಡೆಯಿಂದ ಬರುವುದು ಆಫ್‌ಸ್ಟೆಡ್. 1992ರ ಕಾಯ್ದೆಯಿಂದ ಹುಟ್ಟಿದ ಸಂಸ್ಥೆ ಇದು. ಇಂಗ್ಲೆಂಡಿಗೆ ಮಾತ್ರ ಸೀಮಿತ. ವೇಲ್ಸಿನಲ್ಲಿ ಈ ಕೆಲಸ ಮಾಡುವುದು ಎಸ್ಟಿನ್ ಎಂಬ ಬೇರೆ ಸಂಸ್ಥೆ, ಸ್ಕಾಟ್ಲೆಂಡಿನ ವ್ಯವಸ್ಥೆಯೂ ಬೇರೆ. ಪಾಠ, ಕಲಿಕೆ, ಹಾಜರಿ, ನಡತೆ, ಆಡಳಿತ, ಮಕ್ಕಳ ಸುರಕ್ಷತೆ ಇವೆಲ್ಲ ಆಫ್‌ಸ್ಟೆಡ್ ಕೆಲಸ. ಆದರೆ ಚರ್ಚ್ ಶಾಲೆಯ ಪ್ರಾರ್ಥನಾ ಸಭೆಯಲ್ಲಿ ಏನು ಹೇಳುತ್ತಾರೆ, ವಿಎ ಶಾಲೆಯಲ್ಲಿ ಧರ್ಮದ ಪಾಠ ಹೇಗಿದೆ ಎಂಬುದನ್ನು ಅದು ಅಳೆಯುವುದಿಲ್ಲ.

ಅದಕ್ಕೆ ಚರ್ಚಿನದೇ ಇನ್ಸ್‌ಪೆಕ್ಷನ್ ಇದೆ. ಹೆಸರು ಸಿಯಾಮ್ಸ್. ಆಂಗ್ಲಿಕನ್ (ಅಂದರೆ ಚರ್ಚ್ ಆಫ್ ಇಂಗ್ಲೆಂಡಿನ) ಮತ್ತು ಮೆಥಡಿಸ್ಟ್ ಎಂಬ ಇನ್ನೊಂದು ಕ್ರೈಸ್ತ ಪಂಥದ ಶಾಲೆಗಳಿಗೆ ಕಾನೂನು ಪ್ರಕಾರ ಆಗಲೇಬೇಕಾದ ತಪಾಸಣೆ. 2005ರ ಶಿಕ್ಷಣ ಕಾಯ್ದೆಯ 48ನೇ ಸೆಕ್ಷನ್ ಇದಕ್ಕೆ ಆಧಾರ. ಆಫ್‌ಸ್ಟೆಡ್ ಬರುವುದು ಅದೇ ಕಾಯ್ದೆಯ 5ನೇ ಸೆಕ್ಷನ್ ಮೇಲೆ. ಕ್ಯಾಥೊಲಿಕ್ ಶಾಲೆಯಾದರೆ ಸಿಯಾಮ್ಸ್ ಬದಲು ಕ್ಯಾಥೊಲಿಕ್ ಬಿಷಪ್ಪರ ಕಡೆಯ ಪ್ರತ್ಯೇಕ ಇನ್ಸ್‌ಪೆಕ್ಷನ್ ಇರುತ್ತದೆ. ಅದು 1ರಿಂದ 4ರವರೆಗೆ ಅಂಕಿ ಕೊಡುತ್ತದೆ. ಸಿಯಾಮ್ಸ್ ಕೊಡುವುದಿಲ್ಲ.

ಸರ್ಕಾರ, ಚರ್ಚು ಎರಡೂ ಕಡೆಯ ಈ ವ್ಯವಸ್ಥೆ ಹೊಸದೇನಲ್ಲ. 1833ರಲ್ಲಿ ಬ್ರಿಟಿಷ್ ಸರ್ಕಾರ ಮೊದಲ ಸಲ ಶಾಲೆ ಕಟ್ಟಲು 20,000 ಪೌಂಡ್ ಕೊಟ್ಟಿತು. ದುಡ್ಡು ಕೊಟ್ಟ ಮೇಲೆ ಲೆಕ್ಕ ಕೇಳಬೇಕಲ್ವಾ? ಕೆಲವೇ ವರ್ಷಗಳಲ್ಲಿ ಇನ್ಸ್‌ಪೆಕ್ಟರುಗಳು ಬಂದರು. ಚರ್ಚು ಗೊಣಗಿತು. 1840ರಲ್ಲಿ ಒಪ್ಪಂದವಾಯಿತು: ಚರ್ಚ್ ಶಾಲೆಗಳಿಗೆ ಹೋಗುವ ಇನ್ಸ್‌ಪೆಕ್ಟರುಗಳಿಗೆ ಆರ್ಚ್‌ಬಿಷಪ್ಪರ ಒಪ್ಪಿಗೆ ಇರಬೇಕು. 1862ರಲ್ಲಿ ಇನ್ನೂ ಬಿಗಿಯಾದ ನಿಯಮ ಬಂತು. ಇನ್ಸ್‌ಪೆಕ್ಟರು ಮಕ್ಕಳನ್ನು ಸಾಲಾಗಿ ನಿಲ್ಲಿಸಿ ಓದು, ಬರಹ, ಲೆಕ್ಕ ಪರೀಕ್ಷಿಸುವುದು. ಎಷ್ಟು ಮಕ್ಕಳು ಪಾಸೋ ಅಷ್ಟು ಅನುದಾನ. ಮೇಷ್ಟ್ರುಗಳು ಪಾಠಪುಸ್ತಕವನ್ನು ಮಕ್ಕಳಿಗೆ ಬಾಯಿಪಾಠ ಮಾಡಿಸತೊಡಗಿದರು. ಮೂರು ದಶಕಗಳ ನಂತರ ಆ ಪದ್ಧತಿ ಕೈಬಿಡಬೇಕಾಯಿತು.

‘ದುಡ್ಡು ಸರ್ಕಾರದ್ದು, ಶಾಲೆ ಬೇರೆಯವರದ್ದು, ನಡುವೆ ಇನ್ಸ್‌ಪೆಕ್ಟರು’ ಎಂಬ ಏರ್ಪಾಡು ನಮಗೂ ಬಂದದ್ದು ಅಲ್ಲಿಂದಲೇ. 1854ರ ವುಡ್ಸ್ ಡಿಸ್ಪ್ಯಾಚ್ ಎಂಬ ಬ್ರಿಟಿಷರ ಶಿಕ್ಷಣ ಆದೇಶ ಭಾರತದಲ್ಲಿ ಅನುದಾನ ಪದ್ಧತಿಯನ್ನೂ ಶಾಲಾ ಇನ್ಸ್‌ಪೆಕ್ಟರುಗಳನ್ನೂ ತಂದಿತು. ಮುಂಬೈ ಕರ್ನಾಟಕದಲ್ಲಿ ಕನ್ನಡ ಶಾಲೆಗಳಿಗಾಗಿ ಹೋರಾಡಿದ ಡೆಪ್ಯುಟಿ ಚನ್ನಬಸಪ್ಪನವರು ಇದೇ ವ್ಯವಸ್ಥೆಯೊಳಗಿನ ಇನ್ಸ್‌ಪೆಕ್ಟರು.

ಆಫ್‌ಸ್ಟೆಡ್ ವರದಿ: ಮೊದಲು ತಾರೀಖು ನೋಡಿ

ಇವತ್ತು ಒಂದೇ ಊರಿನ ಮೂರು ಶಾಲೆಗಳ ವರದಿ ತೆಗೆದರೆ ಮೂರೂ ಮೂರು ತರ ಇರಬಹುದು. ಕಾರಣ ತಾರೀಖು.

2024ರ ಬೇಸಿಗೆಯವರೆಗೆ ಇಡೀ ಶಾಲೆಗೆ ಒಂದೇ ಪದದ ತೀರ್ಪು. ಔಟ್‌ಸ್ಟ್ಯಾಂಡಿಂಗ್, ಗುಡ್, ರಿಕ್ವೈರ್ಸ್ ಇಂಪ್ರೂವ್‌ಮೆಂಟ್, ಇನ್‌ಅಡಿಕ್ವೇಟ್. ಅಂದರೆ ಅತ್ಯುತ್ತಮ, ಒಳ್ಳೆಯದು, ಸುಧಾರಿಸಬೇಕು, ಸಾಲದು. ಶಾಲೆಯ ಗೇಟಿನ ಬ್ಯಾನರಿನಲ್ಲಿ, ಮನೆ ಮಾರಾಟದ ಜಾಹೀರಾತಿನಲ್ಲಿ ಕಾಣುತ್ತಿದ್ದದ್ದು ಈ ಪದಗಳೇ.

ಈ ಪದ್ಧತಿ ಹೋಗಿದ್ದರ ಹಿಂದೆ ದುಃಖದ ಸಂಗತಿ ಇದೆ. ರೆಡಿಂಗ್ ಊರಿನ ಒಂದು ಪ್ರೈಮರಿ ಶಾಲೆ (ಅದು ಚರ್ಚ್ ಶಾಲೆಯಲ್ಲ) ಅತ್ಯುತ್ತಮ ಮಟ್ಟದಿಂದ ಒಮ್ಮೆಲೇ ಕೊನೆಯ ಮಟ್ಟಕ್ಕೆ ಇಳಿಯುವುದಿತ್ತು. ಅಲ್ಲಿನ ಮುಖ್ಯಶಿಕ್ಷಕಿ 2023ರ ಜನವರಿಯಲ್ಲಿ ಪ್ರಾಣ ಕಳೆದುಕೊಂಡರು. ಅವರ ಸಾವಿಗೆ ಆ ಇನ್ಸ್‌ಪೆಕ್ಷನ್ನೂ ಕಾರಣವಾಯಿತು ಎಂದು ಅದೇ ವರ್ಷದ ಡಿಸೆಂಬರಿನಲ್ಲಿ ಸಾವಿನ ವಿಚಾರಣೆ ನಡೆಸಿದ ಅಧಿಕಾರಿ ತೀರ್ಪು ಕೊಟ್ಟರು. ಇಡೀ ಶಾಲೆಯ ಹಣೆಬರಹವನ್ನು ಒಂದು ಪದದಲ್ಲಿ ಬರೆಯುವುದು ಸರಿಯೇ ಎಂಬ ಪ್ರಶ್ನೆ ದೇಶದ ತುಂಬ ಎದ್ದಿತು. 2024ರ ಸೆಪ್ಟೆಂಬರಿನಿಂದ ಸರ್ಕಾರಿ ಶಾಲೆಗಳಿಗೆ ಒಂದು ಪದದ ತೀರ್ಪು ನಿಂತಿತು. ಮುಂದಿನ ಒಂದು ವರ್ಷ ಹಳೆಯ ನಾಲ್ಕು ಪದಗಳೇ ಇದ್ದರೂ, ಪಾಠದ ಗುಣಮಟ್ಟ, ನಡತೆ, ಮಕ್ಕಳ ವ್ಯಕ್ತಿತ್ವ ಬೆಳವಣಿಗೆ, ನಾಯಕತ್ವ ಇವುಗಳಿಗೆ ಬೇರೆ ಬೇರೆಯಾಗಿ ಕೊಟ್ಟರು.

2025ರ ನವೆಂಬರಿನಿಂದ ಬಂದಿರುವುದು ರಿಪೋರ್ಟ್ ಕಾರ್ಡ್. ಇದರಲ್ಲಿ ಐದು ಮಟ್ಟ. ಮೇಲಿನಿಂದ: ಎಕ್ಸೆಪ್ಷನಲ್, ಸ್ಟ್ರಾಂಗ್ ಸ್ಟ್ಯಾಂಡರ್ಡ್, ಎಕ್ಸ್‌ಪೆಕ್ಟೆಡ್ ಸ್ಟ್ಯಾಂಡರ್ಡ್, ನೀಡ್ಸ್ ಅಟೆನ್ಷನ್, ಅರ್ಜೆಂಟ್ ಇಂಪ್ರೂವ್‌ಮೆಂಟ್. ಅಂದರೆ ಅಸಾಧಾರಣ, ಬಲವಾದ ಮಟ್ಟ, ನಿರೀಕ್ಷಿತ ಮಟ್ಟ, ಗಮನ ಬೇಕು, ತುರ್ತಾಗಿ ಸುಧಾರಿಸಬೇಕು. ಅಳೆಯುವ ವಿಷಯಗಳೂ ಜಾಸ್ತಿಯಾಗಿವೆ: ಎಲ್ಲ ತರದ ಮಕ್ಕಳನ್ನೂ ಒಳಗೊಳ್ಳುವುದು, ಪಠ್ಯ ಮತ್ತು ಬೋಧನೆ, ಮಕ್ಕಳ ಸಾಧನೆ, ಹಾಜರಿ ಮತ್ತು ನಡತೆ, ವ್ಯಕ್ತಿತ್ವ ಮತ್ತು ಯೋಗಕ್ಷೇಮ, ನಾಯಕತ್ವ ಮತ್ತು ಆಡಳಿತ. ಪ್ರೈಮರಿಯಲ್ಲಿ ರಿಸೆಪ್ಷನ್ ಮತ್ತು ನರ್ಸರಿಯ ಎಳೆ ಮಕ್ಕಳ ವಿಭಾಗಕ್ಕೂ ಒಂದು ಸಾಲು. ಸುರಕ್ಷತೆಗೆ ಮಟ್ಟ ಇಲ್ಲ. ‘ಪೂರೈಸಿದೆ’ ಅಥವಾ ‘ಪೂರೈಸಿಲ್ಲ’, ಎರಡೇ ಉತ್ತರ.

ಇಲ್ಲಿ ಎಡವುವುದು ಸುಲಭ. ಐದರಲ್ಲಿ ನಡುವಿನದು ‘ಎಕ್ಸ್‌ಪೆಕ್ಟೆಡ್’ ಆದ್ದರಿಂದ ‘ಓ, ಸುಮಾರು ಶಾಲೆ’ ಅನ್ನಿಸುತ್ತದೆ. ಹಾಗಲ್ಲ. ಒಳ್ಳೆಯ ಶಾಲೆ ಮಾಡಬೇಕಾದದ್ದನ್ನೆಲ್ಲ ಮಾಡುತ್ತಿದೆ ಎಂಬುದು ಅದರ ಅರ್ಥ. ಆ ಮಟ್ಟ ಸಿಗಬೇಕಾದರೆ ಆ ಮಟ್ಟಕ್ಕೆ ಬರೆದಿಟ್ಟ ಅಂಶಗಳೆಲ್ಲ ಇರಬೇಕು, ಬಹುಪಾಲು ಇದ್ದರೆ ಸಾಲದು. ‘ನೀಡ್ಸ್ ಅಟೆನ್ಷನ್’ ಕೂಡ ಶಾಲೆ ಫೇಲಾಯಿತು ಎಂದಲ್ಲ, ಆ ಒಂದು ವಿಷಯದಲ್ಲಿ ಗಮನ ಬೇಕು ಎಂದು. ಹಳೆಯ ‘ಗುಡ್’ ಅನ್ನು ಹೊಸ ‘ಎಕ್ಸ್‌ಪೆಕ್ಟೆಡ್’ ಜೊತೆ ತೂಗುವುದೂ ಸರಿಯಲ್ಲ. ಎರಡೂ ಬೇರೆ ಅಳತೆಗೋಲು.

ಇನ್ನು ಹಳೆಯ ಪದಗಳ ಬಗ್ಗೆ ಗೊತ್ತಿರಬೇಕಾದ ಎರಡು ಸಂಗತಿ. ಒಂದು, ಆ ಪದ್ಧತಿಯ ಕೊನೆಯ ವರ್ಷಗಳಲ್ಲಿ ಹತ್ತರಲ್ಲಿ ಸುಮಾರು ಒಂಬತ್ತು ಶಾಲೆಗಳು ಗುಡ್ ಅಥವಾ ಔಟ್‌ಸ್ಟ್ಯಾಂಡಿಂಗ್ ಆಗಿದ್ದವು. ಎಲ್ಲರಿಗೂ ಫಸ್ಟ್ ಕ್ಲಾಸ್ ಬಂದ ಮೇಲೆ ಯಾರು ಹೇಗೆ ಎಂದು ಆ ಪದದಿಂದ ತಿಳಿಯುವುದು ಕಷ್ಟ. ಎರಡು, 2012ರಿಂದ 2020ರವರೆಗೆ ಔಟ್‌ಸ್ಟ್ಯಾಂಡಿಂಗ್ ಶಾಲೆಗಳಿಗೆ ಮಾಮೂಲಿ ಇನ್ಸ್‌ಪೆಕ್ಷನ್ನಿನಿಂದ ವಿನಾಯಿತಿ ಇತ್ತು. ಕೆಲವು ಶಾಲೆಗಳು ಹತ್ತು ವರ್ಷಕ್ಕೂ ಮೇಲೆ ಇನ್ಸ್‌ಪೆಕ್ಟರನ್ನೇ ಕಾಣಲಿಲ್ಲ. ಮಾಸ್ತರರು ಬದಲಾದರು, ಮಕ್ಕಳು ಬದಲಾದರು, ಬ್ಯಾನರು ಮಾತ್ರ ಉಳಿಯಿತು. ವಿನಾಯಿತಿ ತೆಗೆದ ಮೇಲೆ 2021–22ರಲ್ಲಿ ಇಂಥ ಶಾಲೆಗಳಿಗೆ ಮತ್ತೆ ಹೋದಾಗ ಐದರಲ್ಲಿ ನಾಲ್ಕಕ್ಕೂ ಹೆಚ್ಚು ಶಾಲೆಗಳು ಆ ಪಟ್ಟ ಕಳೆದುಕೊಂಡವು. ಹೆಚ್ಚಿನವು ಗುಡ್‌ಗೆ ಇಳಿದವು, ಅದೇನೂ ಕೆಟ್ಟದ್ದಲ್ಲ. ಆದರೂ ತಾರೀಖು ಎಷ್ಟು ಮುಖ್ಯ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಬೇಡ.

ಆಫ್‌ಸ್ಟೆಡ್ ಬಂದ ಎರಡು ದಿನ ಶಾಲೆಯಲ್ಲಿ ಏನು ನಡೆಯುತ್ತದೆ?

ಸೋಮವಾರ ಬೆಳಿಗ್ಗೆ ಶಾಲೆಗೆ ಫೋನ್ ಬರುತ್ತದೆ. ಮಂಗಳವಾರ ಇನ್ಸ್‌ಪೆಕ್ಟರುಗಳು ಬಾಗಿಲಲ್ಲಿರುತ್ತಾರೆ. ಗೋಡೆಗೆ ಬಣ್ಣ ಹೊಡೆಸಲು, ಹೂಗುಚ್ಛ ತರಿಸಲು ಸಮಯವಿಲ್ಲ. ಬೇಕಂತಲೇ ಹೀಗೆ ಮಾಡಿದ್ದಾರೆ.

ಪ್ರೈಮರಿಯಲ್ಲಿ ಅವರು ಜಾಸ್ತಿ ಹೊತ್ತು ಕಳೆಯುವುದು ಓದಿನ ಮೇಲೆ. ಐದಾರು ವರ್ಷದ ಮಗುವನ್ನು ಪಕ್ಕದಲ್ಲಿ ಕೂರಿಸಿಕೊಂಡು ಪುಸ್ತಕ ಓದಿಸಿ ಕೇಳುತ್ತಾರೆ. ಮಗು ಅಕ್ಷರದ ಸದ್ದು ಕೂಡಿಸಿ ಓದುತ್ತಿದೆಯಾ, ಚಿತ್ರ ನೋಡಿ ಊಹಿಸುತ್ತಿದೆಯಾ? ಕೈಯಲ್ಲಿರುವ ಪುಸ್ತಕದಲ್ಲಿ ಮಗು ಇನ್ನೂ ಕಲಿಯದ ಸದ್ದುಗಳಿವೆಯಾ? ತೊದಲುವ ಮಗುವಿಗೆ ಶಾಲೆ ಬೇರೆಯಾಗಿ ಏನು ಮಾಡುತ್ತಿದೆ? ಓದು ಕಲಿಯದ ಮಗು ಮುಂದೆ ಎಲ್ಲ ಪಾಠದಲ್ಲೂ ಹಿಂದೆ ಬೀಳುತ್ತದೆ ಎಂಬುದು ಇದರ ಹಿಂದಿನ ಲೆಕ್ಕ. ನನ್ನನ್ನು ಕೇಳಿದರೆ ವರದಿಯಲ್ಲಿ ಮೊದಲು ಓದಬೇಕಾದ ವಾಕ್ಯಗಳು ಓದು ಕಲಿಸುವುದರ ಬಗ್ಗೆ ಇರುವವು. ಮನೆಯಲ್ಲಿ ಕನ್ನಡ ಮಾತಾಡುವ ಮಗುವಿಗಂತೂ ಇದು ಇನ್ನೂ ಮುಖ್ಯ.

ಜೊತೆಗೆ ನೋಟ್‌ಬುಕ್ಕುಗಳನ್ನು ತಿರುವುತ್ತಾರೆ. ಆಟದ ಬಯಲಿನಲ್ಲಿ ನಿಂತು ಮಕ್ಕಳ ಜೊತೆ ಮಾತಾಡುತ್ತಾರೆ. ಸಿಬ್ಬಂದಿಯ ಹಿನ್ನೆಲೆ ಪರಿಶೀಲನೆ ದಾಖಲಾಗಿರುವ ಪಟ್ಟಿ ಕೇಳುತ್ತಾರೆ. ಈ ಪಟ್ಟಿಯಲ್ಲಿ ಪ್ರತಿ ಶಿಕ್ಷಕರು, ಸಹಾಯಕರು ಮಕ್ಕಳ ಜೊತೆ ಕೆಲಸ ಮಾಡಲು ಯೋಗ್ಯರು ಎಂಬುದಕ್ಕೆ ಆಧಾರ ಇರಬೇಕು. ಸುರಕ್ಷತೆಯಲ್ಲಿ ದೊಡ್ಡ ಲೋಪ ಸಿಕ್ಕರೆ ಉಳಿದದ್ದು ಎಷ್ಟೇ ಚೆನ್ನಾಗಿದ್ದರೂ ಶಾಲೆಗೆ ಕಷ್ಟ.

ಚಿಕ್ಕ ಶಾಲೆಗಳ ವಿಷಯದಲ್ಲಿ ಒಂದು ಎಚ್ಚರ ಬೇಕು. ಹಳ್ಳಿಯ ಚರ್ಚ್ ಶಾಲೆಗಳಲ್ಲಿ ಬಹಳಷ್ಟು ತೀರಾ ಚಿಕ್ಕವು. ಪ್ರೈಮರಿಯ ಕೊನೆಯ ತರಗತಿಯಾದ ‘ಇಯರ್ 6’ರ ಕೊನೆಗೆ ಸ್ಯಾಟ್ಸ್ ಎಂಬ ಪರೀಕ್ಷೆ ಇರುತ್ತದೆ. ಆ ತರಗತಿಯಲ್ಲಿ ಹತ್ತೇ ಮಕ್ಕಳಿದ್ದರೆ, ಇಬ್ಬರಿಗೆ ಆ ದಿನ ಜ್ವರ ಬಂದರೂ ಸಾಕು, ಶಾಲೆಯ ಫಲಿತಾಂಶ ಶೇ. 20ರಷ್ಟು ಇಳಿಯುತ್ತದೆ. ಅದಕ್ಕೇ ಒಂದು ವರ್ಷದ ಅಂಕಿ ಹಿಡಿದು ಚಿಕ್ಕ ಶಾಲೆಯನ್ನು ಅಳೆಯಬಾರದು. ಕೆಲವು ವರ್ಷಗಳದ್ದು ಒಟ್ಟಿಗೆ ನೋಡಬೇಕು.

ಸಿಯಾಮ್ಸ್ ಏನು ಹುಡುಕುತ್ತದೆ?

ಸಾಮಾನ್ಯವಾಗಿ ಒಬ್ಬರು ಇನ್ಸ್‌ಪೆಕ್ಟರು, ಒಂದು ದಿನ. ಬೆಳಗಿನ ಸಭೆಯಲ್ಲಿ ಮಕ್ಕಳ ಜೊತೆ ಕೂರುತ್ತಾರೆ. ಎಷ್ಟೋ ಶಾಲೆಗಳಲ್ಲಿ ಒಬ್ಬ ಹುಡುಗ ಅಥವಾ ಹುಡುಗಿ ಬಂದು ಮೇಣದಬತ್ತಿ ಹಚ್ಚಿದ ಮೇಲೆ ಸಭೆ ಶುರುವಾಗುತ್ತದೆ. ಒಂದು ಕಥೆ, ಒಂದು ಹಾಡು, ಸ್ವಲ್ಪ ಹೊತ್ತು ಮೌನ, ಬೇಕಾದವರಿಗೆ ಪ್ರಾರ್ಥನೆ. ಪ್ರಾರ್ಥನೆ ಬೇಡವೆನ್ನುವ ಮಗುವಿಗೆ ಸುಮ್ನೆ ಕೂತು ಯೋಚಿಸಲು ಜಾಗ ಇದೆಯಾ ಎಂಬುದನ್ನೂ ಇನ್ಸ್‌ಪೆಕ್ಟರು ಗಮನಿಸುತ್ತಾರೆ.

ಆಮೇಲೆ ಬರುವುದು ಮುಖ್ಯ ಪ್ರಶ್ನೆ. ಪ್ರತಿ ಚರ್ಚ್ ಶಾಲೆಗೂ ಬೈಬಲ್ಲಿನಲ್ಲಿ ಬೇರಿರುವ ಒಂದು ಧ್ಯೇಯ ಇರುತ್ತದೆ. ‘ನಿಮ್ಮ ಬೆಳಕು ಬೆಳಗಲಿ’ ತರದ ವಾಕ್ಯ. ಅದು ಗೋಡೆಯ ಮೇಲಷ್ಟೇ ಇದೆಯಾ, ಶಾಲೆಯ ದಿನನಿತ್ಯದಲ್ಲಿ ಕಾಣುತ್ತದಾ? ಜಗಳವಾದಾಗ ಹೇಗೆ ರಾಜಿ ಮಾಡಿಸುತ್ತಾರೆ? ಕಲಿಕೆಯಲ್ಲಿ ಹಿಂದಿರುವ ಮಗುವನ್ನು ಹೇಗೆ ನಡೆಸಿಕೊಳ್ಳುತ್ತಾರೆ? ದಣಿದ ಶಿಕ್ಷಕರನ್ನು ಯಾರಾದರೂ ವಿಚಾರಿಸುತ್ತಾರಾ? ಅನ್ಯಾಯ ಕಂಡಾಗ ಮಾತಾಡಲು ಮಕ್ಕಳಿಗೆ ಕಲಿಸುತ್ತಿದ್ದಾರಾ? ಧರ್ಮದ ಪಾಠದಲ್ಲಿ ಕ್ರೈಸ್ತ ಧರ್ಮದ ಜೊತೆ ಬೇರೆ ಧರ್ಮಗಳೂ ಗೌರವದಿಂದ ಬರುತ್ತವೆಯಾ? ಹಿಂದೂ, ಇಸ್ಲಾಂ, ಸಿಖ್, ಯಹೂದಿ ಧರ್ಮಗಳ ಪಾಠಗಳು ಈ ಶಾಲೆಗಳಲ್ಲೂ ಇರುತ್ತವೆ.

2023ರ ಸೆಪ್ಟೆಂಬರಿನಿಂದ ಸಿಯಾಮ್ಸ್ ಗ್ರೇಡ್ ಕೊಡುವುದನ್ನು ಬಿಟ್ಟಿದೆ. ಈಗ ಎರಡೇ ತೀರ್ಪು. ಶಾಲೆ ತನ್ನ ಚರ್ಚ್ ಬುನಾದಿಗೆ ತಕ್ಕಂತೆ ನಡೆದು ಮಕ್ಕಳೂ ದೊಡ್ಡವರೂ ಅರಳಲು ನೆರವಾಗುತ್ತಿದ್ದರೆ ‘ಜೆ1’. ಕೆಲವು ಕೊರತೆಗಳಿಂದ ಹಾಗೆ ಆಗದೆ ಇರಬಹುದು ಎಂದಾದರೆ ‘ಜೆ2’. ಕೆಳಗೆ ಶಾಲೆಯ ಬಲಗಳು, ಮುಂದೆ ಮಾಡಬೇಕಾದ ಕೆಲಸಗಳು. ಎಲ್ಲ ಸೇರಿ ಕೆಲವೇ ಪುಟ. 2023ಕ್ಕೂ ಹಿಂದಿನ ವರದಿಯಾದರೆ ‘ಎಕ್ಸಲೆಂಟ್’, ‘ಗುಡ್’ ಎಂಬ ಪದಗಳಿರುತ್ತವೆ. ಅವು ಆಫ್‌ಸ್ಟೆಡ್ ಕೊಟ್ಟವಲ್ಲ. ಶಾಲೆಯ ವೆಬ್‌ಸೈಟಿನಲ್ಲಿ ‘ನಾವು ಎಕ್ಸಲೆಂಟ್’ ಎಂದಿದ್ದರೆ, ಯಾರು ಕೊಟ್ಟದ್ದು, ಯಾವಾಗ ಕೊಟ್ಟದ್ದು ಎಂದು ನೋಡಿಕೊಳ್ಳಿ.

ಸಿಯಾಮ್ಸ್‌ನಲ್ಲಿ ಚೆನ್ನಾಗಿ ಬಂದು ಆಫ್‌ಸ್ಟೆಡ್‌ನಲ್ಲಿ ಎಡವಿದ ಶಾಲೆ ಇರಬಹುದು. ಮಕ್ಕಳನ್ನು ಪ್ರೀತಿಯಿಂದ ನೋಡಿಕೊಳ್ಳುವ ಶಾಲೆ ಗಣಿತವನ್ನು ಹಿಂದುಮುಂದಾಗಿ ಕಲಿಸುತ್ತಿರಬಹುದು. ಉಲ್ಟಾ ಕೂಡ ಆಗಬಹುದು. ಒಂದು ವರದಿ ಇನ್ನೊಂದನ್ನು ಸುಳ್ಳು ಮಾಡುವುದಿಲ್ಲ.

ನಮ್ಮ ಮನೆಯ ಮಗುವಿಗೆ ಇಲ್ಲಿ ಸೀಟು ಸಿಗುತ್ತದಾ?

ವಿಸಿ ಶಾಲೆಯಾದರೆ ಪ್ರವೇಶದ ನಿಯಮ ಕೌನ್ಸಿಲ್‌ನದು. ಮನೆ ಎಷ್ಟು ದೂರ, ಅಕ್ಕನೋ ಅಣ್ಣನೋ ಅಲ್ಲೇ ಓದುತ್ತಿದ್ದಾರಾ ಎಂಬುದರ ಮೇಲೆ ಸಾಮಾನ್ಯವಾಗಿ ಸೀಟು ಹಂಚುತ್ತಾರೆ. ವಿಎ ಶಾಲೆಗೆ ಸೀಟಿಗಿಂತ ಅರ್ಜಿ ಜಾಸ್ತಿ ಬಂದರೆ ಚರ್ಚಿಗೆ ಹೋಗುವ ಕುಟುಂಬಗಳಿಗೆ ಆದ್ಯತೆ ಕೊಡಲು ಅವಕಾಶ ಇದೆ. ಅಂಥ ಕಡೆ ಕೌನ್ಸಿಲ್ ಅರ್ಜಿಯ ಜೊತೆ ಶಾಲೆಯದೇ ಇನ್ನೊಂದು ಫಾರಂ ತುಂಬಬೇಕಾಗುತ್ತದೆ. ಎಲ್ಲ ಚರ್ಚ್ ಶಾಲೆಗಳೂ ಹಾಗೆ ಮಾಡುವುದಿಲ್ಲ, ಬಹಳಷ್ಟು ಶಾಲೆಗಳು ಸುತ್ತಲಿನ ಎಲ್ಲ ಮಕ್ಕಳಿಗೂ ತೆರೆದಿವೆ. ಸೀಟು ಖಾಲಿ ಇದ್ದರಂತೂ ಧರ್ಮದ ಕಾರಣಕ್ಕೆ ಮಗುವನ್ನು ಹೊರಗಿಡುವಂತಿಲ್ಲ.

ಪ್ರಾರ್ಥನಾ ಸಭೆಯಿಂದ, ಧರ್ಮದ ಪಾಠದಿಂದ ಮಗುವನ್ನು ಹೊರಗಿಡುವಂತೆ ಕೇಳುವ ಹಕ್ಕು ತಂದೆತಾಯಿಗೆ ಇದೆ. 1998ರ ಕಾಯ್ದೆಯಲ್ಲೇ ಇದು ಬರೆದಿದೆ. ಕಾರಣ ಹೇಳಬೇಕಾಗಿಲ್ಲ. ಆದರೆ ಚರ್ಚ್ ಶಾಲೆಯಲ್ಲಿ ಆ ಧ್ಯೇಯ ದಿನದ ಎಲ್ಲದರಲ್ಲೂ ಬೆರೆತಿರುತ್ತದೆ. ಡಿಸೆಂಬರಿನಲ್ಲಿ ಯೇಸುವಿನ ಹುಟ್ಟಿನ ನಾಟಕ, ಈಸ್ಟರಿಗೆ ಚರ್ಚಿಗೆ ನಡಿಗೆ. ಇದನ್ನು ಸೀಟು ಸಿಕ್ಕ ಮೇಲಲ್ಲ, ಅರ್ಜಿ ಹಾಕುವ ಮೊದಲೇ ಮನೆಯಲ್ಲಿ ಮಾತಾಡಿಕೊಳ್ಳುವುದು ಒಳ್ಳೆಯದು.

ಮಗು ಸೇರಿದ ಮೇಲೆ ಇನ್ಸ್‌ಪೆಕ್ಷನ್ ಬಂದರೆ

ಆಫ್‌ಸ್ಟೆಡ್ ವರದಿಗಳೆಲ್ಲ ಅದರ ವೆಬ್‌ಸೈಟಿನಲ್ಲಿ ಉಚಿತವಾಗಿ ಸಿಗುತ್ತವೆ. ಸಿಯಾಮ್ಸ್ ವರದಿ ಶಾಲೆಯ ವೆಬ್‌ಸೈಟಿನಲ್ಲಿ ಇರುತ್ತದೆ. ಆದರೆ ತಂದೆತಾಯಿ ಬರೀ ಓದುಗರಲ್ಲ. ಆಫ್‌ಸ್ಟೆಡ್ ಬರುವ ಸುದ್ದಿ ತಿಳಿದ ಕೂಡಲೇ ಶಾಲೆಯಿಂದ ನಿಮಗೆ ಮೆಸೇಜ್ ಬರುತ್ತದೆ. ಅದರಲ್ಲಿ ‘ಪೇರೆಂಟ್ ವ್ಯೂ’ ಎಂಬ ಪ್ರಶ್ನಾವಳಿಯ ಲಿಂಕ್ ಇರುತ್ತದೆ. ನಿಮ್ಮ ಮಗು ಇಲ್ಲಿ ಖುಷಿಯಾಗಿದೆಯಾ, ಸುರಕ್ಷಿತವಾಗಿದೆಯಾ, ಕಾಟ ಕೊಡುವವರ ಬಗ್ಗೆ ದೂರು ಹೇಳಿದರೆ ಶಾಲೆ ಸರಿಯಾಗಿ ವಿಚಾರಿಸುತ್ತದಾ, ಇಂಥ ಪ್ರಶ್ನೆಗಳು. ಐದು ನಿಮಿಷದ ಕೆಲಸ. ಇನ್ಸ್‌ಪೆಕ್ಟರುಗಳು ಶಾಲೆಯಲ್ಲಿರುವಾಗಲೇ ಆ ಉತ್ತರಗಳನ್ನು ಓದುತ್ತಾರೆ, ಆದ್ದರಿಂದ ವಾರಾಂತ್ಯಕ್ಕೆ ಮುಂದೂಡಿದರೆ ತಡವಾಗುತ್ತದೆ. ಬೆಳಿಗ್ಗೆ ಮಗುವನ್ನು ಬಿಡಲು ಹೋದಾಗ ಗೇಟಿನ ಹತ್ತಿರ ಇನ್ಸ್‌ಪೆಕ್ಟರು ನಿಂತಿದ್ದರೆ ಹೋಗಿ ಮಾತಾಡಬಹುದು. ‘ನಮ್ಮ ಇಂಗ್ಲಿಷ್ ಅಷ್ಟು ಚೆನ್ನಾಗಿಲ್ಲ’ ಎಂದು ಎಷ್ಟೋ ತಾಯಂದಿರು, ಊರಿಂದ ಬಂದ ಅಜ್ಜಿ ತಾತಂದಿರು ಹಿಂದೆ ಸರಿಯುತ್ತಾರೆ. ಮಗು ಮನೆಗೆ ಬಂದು ಶಾಲೆಯ ಬಗ್ಗೆ ಏನು ಹೇಳುತ್ತದೆ ಎಂಬುದನ್ನು ಎರಡು ಸರಳ ವಾಕ್ಯದಲ್ಲಿ ಹೇಳಿದರೂ ಅದು ಅವರ ಟಿಪ್ಪಣಿ ಸೇರುತ್ತದೆ.